ಬಿ ಫಾರಂನಲ್ಲಿ ಜಾಗವಿಲ್ಲದವರು

ಚುನಾವಣೆ ಹತ್ತಿರವಾದಾಗ ನಮ್ಮ ಪತ್ರಿಕೆಗಳಲ್ಲಿ ‘ಟಿಕೆಟ್’ ಎಂಬ ಪದದ ಜೊತೆ ಬರುವ ಕ್ರಿಯಾಪದಗಳನ್ನು ಗಮನಿಸಿ. ಪಕ್ಷ ಟಿಕೆಟ್ ಕೊಡುತ್ತದೆ, ಹಂಚುತ್ತದೆ, ಘೋಷಿಸುತ್ತದೆ, ತಡೆಹಿಡಿಯುತ್ತದೆ. ಆಕಾಂಕ್ಷಿಗೆ ಟಿಕೆಟ್ ಸಿಗುತ್ತದೆ, ಒಲಿಯುತ್ತದೆ, ಇಲ್ಲವೇ ಕೈತಪ್ಪುತ್ತದೆ. ಕೈತಪ್ಪಿದರೆ ಆತ ಕಣ್ಣೀರು ಹಾಕುತ್ತಾನೆ, ಮುನಿಯುತ್ತಾನೆ, ಬಂಡೇಳುತ್ತಾನೆ. ವರಿಷ್ಠರು ಕರೆದು ಸಮಾಧಾನ ಮಾಡಿದರೆ ‘ತ್ಯಾಗ’ ಮಾಡುತ್ತಾನೆ. ಒಂದು ಇಡೀ ಕುಟುಂಬ ನಾಟಕಕ್ಕೆ ಸಾಕಾಗುವಷ್ಟು ಕ್ರಿಯಾಪದಗಳಿವೆ. ‘ಆರಿಸು’ ಎಂಬುದು ಮಾತ್ರ ಅಪರೂಪ. ಆರಿಸುವ ಕೆಲಸ ಮತದಾನದ ದಿನದ್ದು, ಅದು ಮತದಾರನಿಗೆ ಸೇರಿದ್ದು ಎಂದು ನಾವು ಬಿಟ್ಟುಬಿಟ್ಟಿದ್ದೇವೆ. ಆ ದಿನ ಮತಯಂತ್ರದ ಮೇಲೆ ಯಾವ ಹೆಸರುಗಳಿರಬೇಕು ಎಂದು ಆರಿಸಿದವರು ಯಾರು ಎಂದರೆ ‘ಹೈಕಮಾಂಡ್’ ಎಂಬ, ಮುಖವಿಲ್ಲದ ಒಂದು ನಾಮಪದ ಸಿಗುತ್ತದೆ ಅಷ್ಟೆ.

ಪದ ಹುಟ್ಟಿದ ಕಡೆ ಹೀಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಮತಪತ್ರವನ್ನು ಸರ್ಕಾರ ಅಚ್ಚು ಹಾಕುತ್ತಿರಲಿಲ್ಲ. ಪಕ್ಷಗಳೇ ತಮ್ಮ ಅಭ್ಯರ್ಥಿಗಳ ಹೆಸರಿದ್ದ ಚೀಟಿಯನ್ನು ಅಚ್ಚು ಹಾಕಿಸಿ ಹಂಚುತ್ತಿದ್ದವು. ಆ ಚೀಟಿಯೇ ಟಿಕೆಟ್. ಮತದಾರ ಅದನ್ನು ತಂದು ಪೆಟ್ಟಿಗೆಗೆ ಹಾಕುತ್ತಿದ್ದ. 1880ರ ದಶಕದ ಕೊನೆಯಿಂದ ಸರ್ಕಾರವೇ ಅಚ್ಚು ಹಾಕಿಸುವ ಗುಪ್ತ ಮತಪತ್ರ ಬರತೊಡಗಿದ ಮೇಲೆ ಚೀಟಿ ಹೋಯಿತು, ಪದ ಉಳಿಯಿತು. ಅಂದರೆ ಟಿಕೆಟ್ ಮೊದಲು ಇದ್ದದ್ದು ಮತದಾರನ ಕೈಯಲ್ಲಿ. ನಮ್ಮಲ್ಲಿಗೆ ಬರುವಷ್ಟರಲ್ಲಿ ಅದಕ್ಕೆ ಬಸ್ ಟಿಕೆಟ್ಟಿನ ಅರ್ಥ ಬಂದಿದೆ: ವಿಧಾನಸೌಧಕ್ಕೆ ಹೋಗುವ ಬಸ್ಸು, ಸೀಟು ಕಡಿಮೆ, ಕಂಡಕ್ಟರು ದೆಹಲಿಯಲ್ಲೋ ಪದ್ಮನಾಭನಗರದಲ್ಲೋ ಇದ್ದಾನೆ.

‘ಬಂಡಾಯ’ ಎಂಬ ಪದದ ಗತಿಯೂ ಯೋಚಿಸುವಂಥದ್ದೇ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದಾಗ ಈ ಪದಕ್ಕೆ ಜಾತಿ, ವರ್ಗ, ಭೂಮಾಲೀಕತ್ವಗಳ ವಿರುದ್ಧ ನಿಲ್ಲುವ ಭಾರವಿತ್ತು. ಇವತ್ತು ಏಪ್ರಿಲ್ ತಿಂಗಳ ಯಾವುದೇ ಪತ್ರಿಕೆ ತೆರೆದರೂ ‘ಬಂಡಾಯದ ಬಿಸಿ’, ‘ಬಂಡಾಯ ಶಮನ’. ಅಲ್ಲಿ ಬಂಡಾಯಗಾರನ ತಕರಾರು ವ್ಯವಸ್ಥೆಯ ಮೇಲಲ್ಲ, ವ್ಯವಸ್ಥೆ ತನ್ನನ್ನು ಬಿಟ್ಟು ಇನ್ನೊಬ್ಬನನ್ನು ಕರೆದದ್ದರ ಮೇಲೆ. ಅವನಿಗೇ ಕೊಟ್ಟಿದ್ದರೆ ಟಿಕೆಟ್ ಕೊಡುವ ರೀತಿಯ ಬಗ್ಗೆ ಅವನ ಬಾಯಿಂದ ಒಂದು ಮಾತೂ ಬರುತ್ತಿರಲಿಲ್ಲ.

ಈ ಎಲ್ಲ ಕ್ರಿಯಾಪದಗಳು ಕೊನೆಗೆ ಒಂದು ಕಾಗದದ ಮೇಲೆ ಬಂದು ನಿಲ್ಲುತ್ತವೆ. ಚುನಾವಣಾ ಚಿಹ್ನೆಗಳ 1968ರ ಆದೇಶದ ಪ್ರಕಾರ ಒಬ್ಬ ವ್ಯಕ್ತಿ ಪಕ್ಷದ ಅಭ್ಯರ್ಥಿ ಅನ್ನಿಸಿಕೊಳ್ಳಲು ಎರಡು ನಮೂನೆಗಳು ಬೇಕು. ಎ ಫಾರಂನಲ್ಲಿ ಪಕ್ಷ ತನ್ನ ಪರವಾಗಿ ಸಹಿ ಹಾಕುವ ಅಧಿಕಾರ ಯಾರಿಗಿದೆ ಎಂದು ತಿಳಿಸುತ್ತದೆ, ಜೊತೆಗೆ ಆ ಸಹಿಯ ಮಾದರಿಯನ್ನೂ ಕೊಡುತ್ತದೆ. ಬಿ ಫಾರಂನಲ್ಲಿ ಆ ಅಧಿಕಾರಿ ಅಭ್ಯರ್ಥಿಯ ಹೆಸರು ಬರೆದು ಶಾಯಿಯಲ್ಲಿ ಸಹಿ ಹಾಕುತ್ತಾನೆ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ಇವು ಚುನಾವಣಾಧಿಕಾರಿಯ ಕೈ ಸೇರಬೇಕು. ನಾಮಪತ್ರ ತಿರಸ್ಕೃತವಾದರೆ ಯಾರು ಎಂಬ ಬದಲಿ ಅಭ್ಯರ್ಥಿಯ ಹೆಸರಿಗೂ ಅದರಲ್ಲಿ ಜಾಗವಿದೆ; ಅಲ್ಲಿ ಹೆಂಡತಿಯ ಅಥವಾ ಮಗನ ಹೆಸರು ಬರುವುದು ಅಪರೂಪವಲ್ಲ. ಇದಿಷ್ಟೇ ಕಾನೂನು ಕೇಳುವುದು. ಈ ಹೆಸರನ್ನು ಯಾವ ಸಭೆ ಒಪ್ಪಿತು, ಎಷ್ಟು ಸದಸ್ಯರು ಇದ್ದರು, ಬೇರೆ ಯಾರ ಹೆಸರು ಬಂದಿತ್ತು ಎಂಬ ಖಾನೆ ಅದರಲ್ಲಿಲ್ಲ. 1999ರಲ್ಲಿ ಕಾನೂನು ಆಯೋಗ ತನ್ನ 170ನೇ ವರದಿಯಲ್ಲಿ ಪಕ್ಷಗಳ ಒಳಗಿನ ಪ್ರಜಾಪ್ರಭುತ್ವವನ್ನು ಕಾನೂನಿನ ವ್ಯಾಪ್ತಿಗೆ ತರಬೇಕೆಂದು ಹೇಳಿತು. ವರದಿ ವರದಿಯಾಗಿಯೇ ಉಳಿದಿದೆ.

ಮತದಾನಕ್ಕೆ ಮೊದಲು ಕ್ಷೇತ್ರದ ಮತದಾರ ಈ ಪ್ರಕ್ರಿಯೆಯಲ್ಲಿ ಕಾಣಿಸಿಕೊಳ್ಳುವುದು ಒಂದೇ ಕಡೆ, ನಾಮಪತ್ರದ ಸೂಚಕನಾಗಿ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು. ಪಕ್ಷೇತರನಿಗೆ ಹತ್ತು ಜನ ಬೇಕು. ಪಕ್ಷದ ಬೆಂಬಲ ಒಂಬತ್ತು ಜನ ಮತದಾರರಿಗೆ ಸಮ ಎಂದು ಲೆಕ್ಕ ಹಾಕಬಹುದು. ಅದು ಯಾರ ಬೆಂಬಲ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಈಗ ನಾಗಮಂಗಲಕ್ಕೆ ಬರೋಣ. 2008ರಿಂದ 2023ರವರೆಗಿನ ನಾಲ್ಕು ವಿಧಾನಸಭಾ ಚುನಾವಣೆಗಳ ಫಲಿತಾಂಶವನ್ನು ಒಂದು ಹಾಳೆಯ ಮೇಲೆ ಬರೆದುಕೊಂಡರೆ ಮೊದಲಿಗೆ ಏನೋ ಅಚ್ಚಿನ ದೋಷ ಇರಬೇಕು ಅನ್ನಿಸುತ್ತದೆ. 2008ರಲ್ಲಿ ಕಾಂಗ್ರೆಸ್ಸಿನ ಸುರೇಶ್ ಗೌಡ ಜೆಡಿಎಸ್‌ನ ಎನ್. ಚಲುವರಾಯಸ್ವಾಮಿಯವರನ್ನು ಸೋಲಿಸಿದರು. 2013ರಲ್ಲಿ ಜೆಡಿಎಸ್‌ನ ಚಲುವರಾಯಸ್ವಾಮಿ ಕಾಂಗ್ರೆಸ್ಸಿನ ಸುರೇಶ್ ಗೌಡರನ್ನು ಸೋಲಿಸಿದರು. 2018ರಲ್ಲಿ ಜೆಡಿಎಸ್‌ನ ಸುರೇಶ್ ಗೌಡ ಕಾಂಗ್ರೆಸ್ಸಿನ ಚಲುವರಾಯಸ್ವಾಮಿಯವರನ್ನು ಸೋಲಿಸಿದರು. 2023ರಲ್ಲಿ ಕಾಂಗ್ರೆಸ್ಸಿನ ಚಲುವರಾಯಸ್ವಾಮಿ ಜೆಡಿಎಸ್‌ನ ಸುರೇಶ್ ಗೌಡರನ್ನು ಸೋಲಿಸಿದರು. ನಾಲ್ಕು ಸಲವೂ ಅವೇ ಎರಡು ಹೆಸರು, ಅವೇ ಎರಡು ಪಕ್ಷ. ಎರಡನೆಯ ಮತ್ತು ಮೂರನೆಯ ಚುನಾವಣೆಯ ನಡುವೆ ಎಲ್ಲೋ ಇಬ್ಬರೂ ಪಕ್ಷ ಅದಲುಬದಲು ಮಾಡಿಕೊಂಡಿದ್ದಾರೆ.

ಅದಲುಬದಲಿನ ಹಿನ್ನೆಲೆ ಗೊತ್ತಿರುವಂಥದ್ದೇ. 2016ರ ಜೂನ್‌ನ ರಾಜ್ಯಸಭಾ ಚುನಾವಣೆಯಲ್ಲಿ ಜೆಡಿಎಸ್‌ನ ಕೆಲವು ಶಾಸಕರು ಕಾಂಗ್ರೆಸ್ ಅಭ್ಯರ್ಥಿಗೆ ಮತ ಹಾಕಿದರು. ಜಮೀರ್ ಅಹ್ಮದ್ ಖಾನ್, ಚಲುವರಾಯಸ್ವಾಮಿ, ಶ್ರೀರಂಗಪಟ್ಟಣದ ರಮೇಶ ಬಂಡಿಸಿದ್ದೇಗೌಡ ಸೇರಿ ಏಳು ಮಂದಿ 2018ರ ಮಾರ್ಚ್‌ನಲ್ಲಿ ಕಾಂಗ್ರೆಸ್ ಸೇರಿದರು. ಅದರ ಮುಂದಿನ ಚುನಾವಣೆಯಲ್ಲಿ ಅವರಿಗೆ ಆ ಪಕ್ಷದ ಬಿ ಫಾರಂ. ನಾಗಮಂಗಲದಲ್ಲಿ ಕಾಂಗ್ರೆಸ್ಸಿನಿಂದ ಅವರ ವಿರುದ್ಧ ಹೋರಾಡಿದ್ದವರು ಆ ವೇಳೆಗೆ ಜೆಡಿಎಸ್‌ನಲ್ಲಿದ್ದರು, ಅವರಿಗೆ ಆ ಪಕ್ಷದ ಬಿ ಫಾರಂ. ಯಾವ ಅಭ್ಯರ್ಥಿಗೂ ನಷ್ಟವಾಗಲಿಲ್ಲ.

ಕಾರ್ಯಕರ್ತನಿಗೆ ಏನಾಯಿತು ಎಂದು ಕೇಳಬೇಕು. ಹಳ್ಳಿಯಲ್ಲಿ ‘ಪಾರ್ಟಿ’ ಎಂದರೆ ಧ್ವಜ, ಪ್ರಣಾಳಿಕೆ ಇತ್ಯಾದಿ ಅಲ್ಲ. ಅದು ಯಾರು ಯಾರ ಮನೆಯ ಮದುವೆಗೆ ಹೋಗುತ್ತಾರೆ, ಹಾಲಿನ ಡೇರಿಯ ಚುನಾವಣೆಯಲ್ಲಿ ಯಾರು ಯಾರ ಕಡೆ, ಹಬ್ಬದಲ್ಲಿ ಪೂಜೆ ಮೊದಲು ಯಾರದ್ದು ಎಂಬಂಥ ಸಂಗತಿಗಳ ಹೆಸರು. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಇಲ್ಲದೆ ನಡೆಯುತ್ತದೆ ಎಂದು ಕಾನೂನು ಹೇಳಿದರೂ ಊರಲ್ಲಿ ಯಾರ ಪಾರ್ಟಿ ಯಾವುದು ಎಂಬುದು ಮಕ್ಕಳಿಗೂ ಗೊತ್ತು. ದೇವಲಾಪುರ ಹೋಬಳಿಯ ಯಾವುದೇ ಊರಿನಲ್ಲಿ ಹತ್ತು ವರ್ಷ ‘ನಾವು ಕಾಂಗ್ರೆಸ್ಸು’ ಎಂದು ಜೆಡಿಎಸ್‌ನ ಅಭ್ಯರ್ಥಿಯ ವಿರುದ್ಧ ಬೂತಿನಲ್ಲಿ ಕೂತವನು, ಅದಕ್ಕಾಗಿ ಅಣ್ಣತಮ್ಮಂದಿರ ಜೊತೆ ಮಾತು ಬಿಟ್ಟವನು, 2018ರ ಏಪ್ರಿಲ್‌ನಲ್ಲಿ ಅದೇ ಅಭ್ಯರ್ಥಿಯ ಕರಪತ್ರ ಹಿಡಿದು ಮನೆಮನೆಗೆ ಹೋಗಬೇಕಾಯಿತು. ಇಲ್ಲವಾದರೆ ತನ್ನ ನಾಯಕನ ಹಿಂದೆ ಇನ್ನೊಂದು ಪಕ್ಷಕ್ಕೆ ನಡೆಯಬೇಕಿತ್ತು, ಅಲ್ಲಿ ಆ ಅಣ್ಣತಮ್ಮಂದಿರೇ ಮೊದಲೇ ಕೂತಿದ್ದರು. ಪಕ್ಷದಲ್ಲಿ ಉಳಿದರೆ ವ್ಯಕ್ತಿಗೆ ದ್ರೋಹ, ವ್ಯಕ್ತಿಯ ಜೊತೆ ಹೋದರೆ ಪಕ್ಷಕ್ಕೆ ದ್ರೋಹ. ಈ ಇಕ್ಕಟ್ಟಿಗೆ ಅವನನ್ನು ತಂದ ನಿರ್ಧಾರದ ಯಾವ ಹಂತದಲ್ಲೂ ಅವನ ಮತಕ್ಕೆ ಜಾಗವಿರಲಿಲ್ಲ.

ಹಾಗೆಂದು ಮತದಾರರು ಸುಮ್ಮನೆ ನೋಡುತ್ತಿದ್ದರು ಎಂದಲ್ಲ. ಅದೇ ಹಾಳೆಯನ್ನು ಇನ್ನೊಮ್ಮೆ ನೋಡಿ. ಪಕ್ಷದ ಲೆಕ್ಕದಲ್ಲಿ ಫಲಿತಾಂಶ ಕಾಂಗ್ರೆಸ್, ಜೆಡಿಎಸ್, ಜೆಡಿಎಸ್, ಕಾಂಗ್ರೆಸ್. ಇದರಲ್ಲಿ ಯಾವ ವಿನ್ಯಾಸವೂ ಕಾಣುವುದಿಲ್ಲ. ವ್ಯಕ್ತಿಯ ಲೆಕ್ಕದಲ್ಲಿ ಸುರೇಶ್ ಗೌಡ, ಚಲುವರಾಯಸ್ವಾಮಿ, ಸುರೇಶ್ ಗೌಡ, ಚಲುವರಾಯಸ್ವಾಮಿ. ಪಕ್ಷ ಯಾವುದೇ ಇರಲಿ, ಒಬ್ಬರಾದ ಮೇಲೆ ಒಬ್ಬರು ಎಂದು ನಾಗಮಂಗಲ ನಾಲ್ಕು ಸಲ ತಪ್ಪದೆ ಪಾಳಿ ಬದಲಿಸಿದೆ. 2018ರಲ್ಲಿ ಗೆಲುವಿನ ಅಂತರ 47 ಸಾವಿರಕ್ಕೂ ಹೆಚ್ಚು, 2023ರಲ್ಲಿ ನಾಲ್ಕು ಸಾವಿರದ ಚಿಲ್ಲರೆ. ಮೊದಲನೆಯದರಲ್ಲಿ ಪಕ್ಷ ಬಿಟ್ಟದ್ದಕ್ಕೆ ಶಿಕ್ಷೆಯನ್ನೂ ಎರಡನೆಯದರಲ್ಲಿ ಅರ್ಧ ಮನಸ್ಸಿನ ಕ್ಷಮೆಯನ್ನೂ ಓದಬಹುದು, ಹಾಗೆ ಓದಲೇಬೇಕೆಂದಿಲ್ಲ. ನನಗೆ ಕಾಣುವುದು ಇಷ್ಟು: ಯಾರನ್ನು ನಿಲ್ಲಿಸಬೇಕೆಂದು ಹೇಳುವ ಅಧಿಕಾರ ಇಲ್ಲದಿದ್ದಾಗ ಜನರ ಕೈಯಲ್ಲಿ ಉಳಿಯುವುದು ಕೂತವರನ್ನು ಇಳಿಸುವ ಅಧಿಕಾರ ಮಾತ್ರ. ಅದನ್ನು ಅವರು ಐದು ವರ್ಷಕ್ಕೊಮ್ಮೆ ಚಾಚೂ ತಪ್ಪದೆ ಬಳಸಿದ್ದಾರೆ.

ಪತ್ರಿಕೆಗಳಿಗೆ ಚುನಾವಣೆಯನ್ನು ಕುಸ್ತಿಗೆ ಹೋಲಿಸುವುದು ಇಷ್ಟ. ಕಣ, ಅಖಾಡ, ಹುರಿಯಾಳು. ಹೋಲಿಕೆ ಕುಸ್ತಿಗೆ ಅವಮಾನ ಎಂದು ನನ್ನ ಅಭಿಪ್ರಾಯ. ಮೈಸೂರು ದಸರಾ ಕುಸ್ತಿಯಲ್ಲಿ ಪಂದ್ಯಕ್ಕೆ ಮೊದಲು ಜೋಡಿ ಕಟ್ಟುವ ಕಾರ್ಯಕ್ರಮ ಇರುತ್ತದೆ. ಯಾರ ಎದುರು ಯಾರು ಎಂಬುದು ಹಿರಿಯ ಪೈಲ್ವಾನರ, ಉಸ್ತಾದರ ಎದುರಿಗೆ, ಮೈಕಟ್ಟು ನೋಡಿ, ಎಲ್ಲರ ಕಣ್ಣಮುಂದೆ ತೀರ್ಮಾನವಾಗುತ್ತದೆ. ಜೋಡಿ ಸರಿಯಿಲ್ಲದಿದ್ದರೆ ಅಲ್ಲೇ ಹೇಳಬಹುದು. ವಿಧಾನಸಭೆಯ ಜೋಡಿ ಕಟ್ಟುವುದನ್ನು ಕಂಡವರಿಲ್ಲ.

ಮಂಡ್ಯ ನಗರ ಕ್ಷೇತ್ರದ ಎರಡು ಚುನಾವಣೆಗಳು ಇದಕ್ಕೆ ಒಳ್ಳೆಯ ಉದಾಹರಣೆ. 2018ರಲ್ಲಿ ಕಾಂಗ್ರೆಸ್ ಪಟ್ಟಿಯಲ್ಲಿ ಅಂಬರೀಶ್ ಹೆಸರು ಬಂತು. ಅವರು ಬಿ ಫಾರಂ ಪಡೆಯಲು ಹೋಗಲಿಲ್ಲ. ನಿಲ್ಲುತ್ತಾರೋ ಇಲ್ಲವೋ ಎಂದು ರಾಜ್ಯವೆಲ್ಲ ಅವರ ಮನೆಯ ಬಾಗಿಲು ನೋಡುತ್ತಾ ಕೂತಿತು. ಕೊನೆಗೆ ಅವರು ಒಲ್ಲೆ ಎಂದಾಗ ಟಿಕೆಟ್ ರವಿಕುಮಾರ್ ಗಣಿಗ ಅವರಿಗೆ ಹೋಯಿತು, ಜೆಡಿಎಸ್‌ನ ಎಂ. ಶ್ರೀನಿವಾಸ್ ಗೆದ್ದರು. 2023ರಲ್ಲಿ ಸರದಿ ಜೆಡಿಎಸ್‌ನದ್ದು. 2022ರ ಡಿಸೆಂಬರ್‌ನಲ್ಲೇ ಪ್ರಕಟವಾದ 93 ಹೆಸರುಗಳ ಮೊದಲ ಪಟ್ಟಿಯಲ್ಲಿ ಶಾಸಕ ಶ್ರೀನಿವಾಸ್ ಇದ್ದರು. ಎಲ್ಲರಿಗಿಂತ ಮೊದಲು ಪಟ್ಟಿ ಕೊಟ್ಟ ಪಕ್ಷ ಎಂದು ಜೆಡಿಎಸ್ ಹೆಮ್ಮೆಪಟ್ಟಿತ್ತು. ಏಪ್ರಿಲ್‌ನಲ್ಲಿ ನಾಮಪತ್ರದ ಹೊತ್ತಿಗೆ ಬಿ ಫಾರಂ ಬಿ.ಆರ್. ರಾಮಚಂದ್ರ ಅವರಿಗೆ ಸಿಕ್ಕಿತು. ಟಿಕೆಟ್ ನಿರೀಕ್ಷಿಸಿದ್ದ ಕೆ.ಎಸ್. ವಿಜಯಾನಂದ ಪಕ್ಷೇತರರಾಗಿ ನಿಂತರು. ಕಾಂಗ್ರೆಸ್ಸಿನ ರವಿಕುಮಾರ್ ಸುಮಾರು ಎರಡು ಸಾವಿರ ಮತಗಳಿಂದ ಗೆದ್ದರು. ಬಂಡಾಯ ಅಭ್ಯರ್ಥಿಗೆ ಬಿದ್ದ ಮತ ಆ ಅಂತರಕ್ಕಿಂತ ಎಷ್ಟೋ ಹೆಚ್ಚು.

ವಿಜಯಾನಂದ ಕೆ.ವಿ. ಶಂಕರಗೌಡರ ಮೊಮ್ಮಗ. ಇಲ್ಲಿ ಒಂದು ಹಳೆಯ ಕಥೆ ನೆನಪಾಗುತ್ತದೆ. 1962ರಲ್ಲಿ ಮದ್ದೂರಿನಲ್ಲಿ ಶಂಕರಗೌಡರು ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ. ಅವರ ಪರವಾಗಿ ನೆಹರೂ ಅವರೇ ಪ್ರಚಾರಕ್ಕೆ ಬಂದಿದ್ದರು. ಗೆದ್ದವರು ಅಮೆರಿಕದಲ್ಲಿ ಓದಿ ಬಂದಿದ್ದ ಪಕ್ಷೇತರ ಯುವಕ, ಎಸ್.ಎಂ. ಕೃಷ್ಣ. ಮಂಡ್ಯದ ಮತದಾರರಿಗೆ ದೆಹಲಿಯ ಮುದ್ರೆಯ ಬಗ್ಗೆ ಅತಿಯಾದ ಗೌರವ ಎಂದೂ ಇರಲಿಲ್ಲ ಎನ್ನಲು ಇದನ್ನು ಹೇಳುವುದುಂಟು. ಆದರೆ ಹಾಗೆ ಗೆದ್ದ ಕೃಷ್ಣ ಮುಂದೆ ಅದೇ ಕಾಂಗ್ರೆಸ್ಸಿಗೆ ಹೋಗಿ, ಅದರ ಟಿಕೆಟ್ ಹಂಚುವವರಲ್ಲಿ ಒಬ್ಬರಾದರು ಎಂಬುದನ್ನೂ ಸೇರಿಸಿ ಹೇಳಬೇಕು.

ಕೆ.ಆರ್. ಪೇಟೆಯಲ್ಲಿ ಟಿಕೆಟ್ಟಿಗೆ ಇನ್ನೊಂದು ಅರ್ಥ ಬಂತು. ಅಲ್ಲಿ 2018ರಲ್ಲಿ ಜೆಡಿಎಸ್‌ನಿಂದ ಗೆದ್ದ ಕೆ.ಸಿ. ನಾರಾಯಣಗೌಡ 2019ರಲ್ಲಿ ಸಮ್ಮಿಶ್ರ ಸರ್ಕಾರ ಬೀಳಿಸಿದ ಹದಿನೇಳು ಮಂದಿಯಲ್ಲಿ ಒಬ್ಬರು. ಅನರ್ಹರಾದರು, ಆ ಡಿಸೆಂಬರಿನ ಉಪಚುನಾವಣೆಗೆ ಬಿಜೆಪಿಯಿಂದ ನಿಂತು ಗೆದ್ದರು. ಯಡಿಯೂರಪ್ಪನವರ ಹುಟ್ಟೂರು ಬೂಕನಕೆರೆ ಇರುವ ತಾಲ್ಲೂಕಿನಲ್ಲಿ, ಇಡೀ ಮಂಡ್ಯ ಜಿಲ್ಲೆಯಲ್ಲಿ, ಬಿಜೆಪಿಗೆ ಅದು ಮೊದಲ ಗೆಲುವು. ಆ ಪಕ್ಷದ ಬಾವುಟವನ್ನು ಗೆಲ್ಲುವ ಆಸೆಯಿಲ್ಲದ ಕಾಲದಲ್ಲೂ ಅಲ್ಲಿ ಹಿಡಿದು ನಿಂತವರಿದ್ದರು. ಗೆಲ್ಲುವ ಕಾಲ ಬಂದಾಗ ಟಿಕೆಟ್ ಒಂದು ಒಪ್ಪಂದದ ಭಾಗವಾಗಿತ್ತು, ಅದರಲ್ಲಿ ಅವರು ಕಕ್ಷಿಗಾರರಲ್ಲ. 2023ರಲ್ಲಿ ನಾರಾಯಣಗೌಡರು ಸೋತರು. ಗೆದ್ದವರು ಜೆಡಿಎಸ್‌ನ ಎಚ್.ಟಿ. ಮಂಜು. ಆ ಚುನಾವಣೆಯ ಕಾಂಗ್ರೆಸ್ ಅಭ್ಯರ್ಥಿ ಬಿ.ಎಲ್. ದೇವರಾಜ್, 2019ರ ಉಪಚುನಾವಣೆಯಲ್ಲಿ ಜೆಡಿಎಸ್ ಅಭ್ಯರ್ಥಿಯಾಗಿದ್ದವರು. ಮೂರು ಪಕ್ಷಗಳ ನಡುವೆ ಹೀಗೆ ಓಡಾಡುವ ಹೆಸರುಗಳನ್ನು ಬರೆಯುತ್ತಾ ಹೋದರೆ ಓದುಗರಿಗೂ ನನಗೂ ತಲೆ ತಿರುಗುತ್ತದೆ, ಇಲ್ಲಿಗೆ ಸಾಕು.

ಪಕ್ಷದೊಳಗೆ ಮತ ಹಾಕಿ ಅಭ್ಯರ್ಥಿಯನ್ನು ಆರಿಸುವ ಪ್ರಯತ್ನ ಕರ್ನಾಟಕದಲ್ಲಿ ನಡೆದೇ ಇಲ್ಲವೆ? ನಡೆದಿದೆ. 2014ರ ಲೋಕಸಭಾ ಚುನಾವಣೆಗೆ ರಾಹುಲ್ ಗಾಂಧಿಯವರ ಆಸಕ್ತಿಯಿಂದ ಕಾಂಗ್ರೆಸ್ ದೇಶದ ಹದಿನೈದು-ಹದಿನಾರು ಕ್ಷೇತ್ರಗಳಲ್ಲಿ ಒಳ ಚುನಾವಣೆಯ ಪ್ರಯೋಗ ಮಾಡಿತು. ಕರ್ನಾಟಕದಲ್ಲಿ ದಕ್ಷಿಣ ಕನ್ನಡ ಮತ್ತು ಬೆಂಗಳೂರು ಉತ್ತರ. ಮಂಗಳೂರಿನಲ್ಲಿ ಪಕ್ಷದ ಪದಾಧಿಕಾರಿಗಳು, ಪ್ರತಿನಿಧಿಗಳು ಮತ ಹಾಕಿ ಜನಾರ್ದನ ಪೂಜಾರಿಯವರನ್ನೇ ಆರಿಸಿದರು. ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ ಆಯ್ಕೆಯಾದರು. ಇಬ್ಬರೂ ಚುನಾವಣೆಯಲ್ಲಿ ಸೋತರು. ಆಮೇಲೆ ಆ ಪ್ರಯೋಗದ ಸುದ್ದಿಯೇ ಇಲ್ಲ. ಹೈಕಮಾಂಡ್ ಆರಿಸಿದ ಎಷ್ಟೋ ಮಂದಿಯೂ ಆ ವರ್ಷ ಸೋತಿದ್ದರು, ಆದರೆ ಅದರಿಂದ ಹೈಕಮಾಂಡ್ ಪದ್ಧತಿ ನಿಲ್ಲಲಿಲ್ಲ.

2023ರಲ್ಲಿ ಬಿಜೆಪಿ ಇನ್ನೊಂದು ಬಗೆಯ ಪ್ರಯತ್ನ ಮಾಡಿತು. ಮಾರ್ಚ್ 31ರಂದು ಜಿಲ್ಲೆಗಳಲ್ಲಿ ಪದಾಧಿಕಾರಿಗಳನ್ನು ಸೇರಿಸಿ, ಮತಪೆಟ್ಟಿಗೆ ಇಟ್ಟು, ತಮ್ಮ ಕ್ಷೇತ್ರಕ್ಕೆ ಸೂಕ್ತರಾದ ಮೂವರ ಹೆಸರು ಬರೆಯಲು ಹೇಳಿತು. ಪೆಟ್ಟಿಗೆಗಳು ಬೆಂಗಳೂರಿಗೆ ಹೋದವು. ಯಾರಿಗೆ ಎಷ್ಟು ಬಿತ್ತು ಎಂಬುದನ್ನು ಪಕ್ಷ ಪ್ರಕಟಿಸಲಿಲ್ಲ. ಏಪ್ರಿಲ್ 11ರಂದು ದೆಹಲಿಯಿಂದ 189 ಹೆಸರುಗಳ ಪಟ್ಟಿ ಬಂತು, ಅದರಲ್ಲಿ 52 ಹೊಸಬರು. ಜಗದೀಶ್ ಶೆಟ್ಟರ್, ಲಕ್ಷ್ಮಣ ಸವದಿ ಪಕ್ಷ ಬಿಟ್ಟು ಕಾಂಗ್ರೆಸ್ಸಿಗೆ ಹೋದರು. ಸವದಿ ಅಥಣಿಯಲ್ಲಿ ಗೆದ್ದರು, ಶೆಟ್ಟರ್ ಹುಬ್ಬಳ್ಳಿಯಲ್ಲಿ ಸೋತರು. ಪಟ್ಟಿಗೂ ಪೆಟ್ಟಿಗೆಗೂ ಸಂಬಂಧವಿತ್ತೇ ಎಂದು ಪೆಟ್ಟಿಗೆಗೆ ಚೀಟಿ ಹಾಕಿದವರಿಗೂ ತಿಳಿಯುವ ದಾರಿಯಿರಲಿಲ್ಲ. ಎಣಿಕೆ ಬಹಿರಂಗವಾಗದ ಮತದಾನವನ್ನು ಸಮೀಕ್ಷೆ ಎನ್ನಬಹುದು, ಚುನಾವಣೆ ಎನ್ನಲಾಗದು.

ಕಾಂಗ್ರೆಸ್ಸಿನದು ಅರ್ಜಿಯ ದಾರಿ. 2022ರ ನವೆಂಬರ್‌ನಲ್ಲಿ ಕೆಪಿಸಿಸಿ ಆಕಾಂಕ್ಷಿಗಳಿಂದ ಅರ್ಜಿ ಕರೆಯಿತು. ಅರ್ಜಿಗೆ 5 ಸಾವಿರ ರೂಪಾಯಿ, ಜೊತೆಗೆ ಸಾಮಾನ್ಯ ವರ್ಗದವರು 2 ಲಕ್ಷ ರೂಪಾಯಿಯ, ಪರಿಶಿಷ್ಟರು 1 ಲಕ್ಷ ರೂಪಾಯಿಯ ಡಿ.ಡಿ. ಕೊಡಬೇಕು. ಸಾವಿರಕ್ಕೂ ಹೆಚ್ಚು ಅರ್ಜಿಗಳು ಬಂದವು. ಭಾರತ ಸರ್ಕಾರದ ಕಾನೂನಿನಂತೆ ವಿಧಾನಸಭೆಗೆ ಸ್ಪರ್ಧಿಸಲು ಇಡಬೇಕಾದ ಠೇವಣಿ 10 ಸಾವಿರ, ಪರಿಶಿಷ್ಟರಿಗೆ 5 ಸಾವಿರ. ಅದೂ ತಕ್ಕಷ್ಟು ಮತ ಬಂದರೆ ವಾಪಸ್ಸು. ಅಭ್ಯರ್ಥಿಯಾಗಲು ಕಾನೂನು ಕೇಳುವುದಕ್ಕಿಂತ ಇಪ್ಪತ್ತು ಪಟ್ಟು ಹಣವನ್ನು ಅಭ್ಯರ್ಥಿಯಾಗುವ ಆಸೆಗೆ ಪಕ್ಷ ಕೇಳಿತು. ಬೂತಿನಲ್ಲಿ ಕೂರುವವನ ಜೇಬಿನ ಅಳತೆಗೆ ಈ ಅರ್ಜಿ ಹೊಲಿದದ್ದಲ್ಲ.

ಇಲ್ಲಿಯವರೆಗೆ ಬರೆದದ್ದನ್ನು ಓದಿ, ಹಾಗಾದರೆ ಅಮೆರಿಕದಂತೆ ಒಳ ಚುನಾವಣೆ ತಂದರೆ ಸರಿಹೋಗುತ್ತದೆ ಎಂದು ನಾನು ಹೇಳಹೊರಟಿದ್ದೇನೆ ಎಂದು ಯಾರಾದರೂ ಭಾವಿಸಿದರೆ, ಅದಕ್ಕೆ ದೊಡ್ಡ ಅಡ್ಡಿ ನಮ್ಮ ಇತಿಹಾಸದಲ್ಲೇ ಇದೆ. ಅದರ ಹೆಸರು ದೇವರಾಜ ಅರಸು. 1969ರಲ್ಲಿ ಕಾಂಗ್ರೆಸ್ ಒಡೆದ ಮೇಲೆ ಇಂದಿರಾ ಅವರ ಬಣವನ್ನು ರಾಜ್ಯದಲ್ಲಿ ಕಟ್ಟಿದ ಅರಸು 1972ರ ಚುನಾವಣೆಯ ಟಿಕೆಟ್ಟುಗಳನ್ನು ಲಿಂಗಾಯತ, ಒಕ್ಕಲಿಗ ಪ್ರಾಬಲ್ಯವನ್ನು ಮುರಿಯುವಂತೆ ಹಂಚಿದರು. ಹಿಂದುಳಿದವರು, ದಲಿತರು, ಅಲ್ಪಸಂಖ್ಯಾತರು, ಹೆಸರೇ ಕೇಳಿರದ ಸಣ್ಣ ಜಾತಿಗಳ ತರುಣರು ಅಭ್ಯರ್ಥಿಗಳಾದರು. ಪಕ್ಷ 216ರಲ್ಲಿ 165 ಸ್ಥಾನ ಗೆದ್ದಿತು. ಗುರುಮಠಕಲ್‌ನಿಂದ ಮಲ್ಲಿಕಾರ್ಜುನ ಖರ್ಗೆ, ಕಾರ್ಕಳದಿಂದ ವೀರಪ್ಪ ಮೊಯಿಲಿ ಮೊದಲ ಸಲ ವಿಧಾನಸಭೆಗೆ ಬಂದದ್ದು ಆಗಲೇ. ಆ ವರ್ಷ ಪ್ರತಿ ತಾಲ್ಲೂಕಿನಲ್ಲಿ ಪಕ್ಷದ ಸದಸ್ಯರ ಮತ ಕೇಳಿದ್ದರೆ ಊರ ಗೌಡ, ಪಟೇಲ, ಸೊಸೈಟಿ ಅಧ್ಯಕ್ಷರೇ ಆರಿಸಿ ಬರುತ್ತಿದ್ದರು. ಮಂಡ್ಯ ಜಿಲ್ಲೆಯನ್ನೇ ನೋಡಿ. ಏಳು ಕ್ಷೇತ್ರಗಳಲ್ಲಿ ಮಳವಳ್ಳಿ ಮೀಸಲು. ಉಳಿದ ಆರರಲ್ಲಿ ಪ್ರಮುಖ ಪಕ್ಷಗಳ ಟಿಕೆಟ್ ಬಹುತೇಕ ಒಕ್ಕಲಿಗರಿಗೇ. ಇಲ್ಲಿ ಕಾರ್ಯಕರ್ತರ ಒಳ ಚುನಾವಣೆ ನಡೆದರೆ ಆ ‘ಬಹುತೇಕ’ ಎಂಬ ಪದವೂ ಅಳಿಸಿಹೋಗಬಹುದು.

ಒಳ ಚುನಾವಣೆಯ ತವರಿನಲ್ಲೂ ಇದು ಆಗಿದೆ. ಟೆಕ್ಸಾಸ್‌ನಲ್ಲಿ ಡೆಮಾಕ್ರಟಿಕ್ ಪಕ್ಷ ತನ್ನ ಒಳ ಚುನಾವಣೆಯಲ್ಲಿ ಬಿಳಿಯರಿಗೆ ಮಾತ್ರ ಮತದ ಹಕ್ಕು ಇಟ್ಟಿತ್ತು. ಆ ಪಕ್ಷದ ಅಭ್ಯರ್ಥಿ ಗೆಲ್ಲುವುದು ಖಚಿತವಾಗಿದ್ದ ರಾಜ್ಯದಲ್ಲಿ ನಿಜವಾದ ಚುನಾವಣೆ ಅದೇ ಆಗಿತ್ತು. ಪಕ್ಷ ಖಾಸಗಿ ಸಂಘ, ಅದರ ಸದಸ್ಯರು ಯಾರೆಂಬುದು ಅದರ ಇಷ್ಟ ಎಂಬುದು ಸಮರ್ಥನೆ. 1944ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು.

ಆದ್ದರಿಂದ ಮೇಲಿನವರು ಕೊಡುವುದು ತಪ್ಪು, ಕೆಳಗಿನವರು ಆರಿಸುವುದು ಸರಿ ಎಂಬ ಸರಳ ಲೆಕ್ಕ ನನ್ನದಲ್ಲ. ನನ್ನ ತಕರಾರು ಬೇರೆ. ಅರಸು ಅವರ ಪಟ್ಟಿಗೆ ಒಂದು ಕಾರಣವಿತ್ತು, ಅದು ಎಲ್ಲರಿಗೂ ಅರ್ಥವಾಗುತ್ತಿತ್ತು, ಒಪ್ಪದವರಿಗೂ ಅರ್ಥವಾಗುತ್ತಿತ್ತು. ಅರಸು ಬಳಸಿದ ಅಧಿಕಾರವನ್ನು ಇಂದಿನ ವರಿಷ್ಠರು ಹಾಗೇ ಇಟ್ಟುಕೊಂಡಿದ್ದಾರೆ. ಅದನ್ನು ಏತಕ್ಕೆ ಬಳಸಿದರೋ ಅದನ್ನು ಮಾತ್ರ ಕೈಬಿಟ್ಟಿದ್ದಾರೆ. ಶ್ರೀರಂಗಪಟ್ಟಣದಲ್ಲಿ 2018ರಲ್ಲಿ ಎದುರಾಳಿಗಳಾಗಿದ್ದ ರವೀಂದ್ರ ಶ್ರೀಕಂಠಯ್ಯ ಮತ್ತು ರಮೇಶ ಬಂಡಿಸಿದ್ದೇಗೌಡ ಇಬ್ಬರ ತಾಯಂದಿರೂ ಅದೇ ಕ್ಷೇತ್ರದ ಶಾಸಕಿಯರಾಗಿದ್ದವರು. 2023ರಲ್ಲಿ ಹಾಸನದ ಟಿಕೆಟ್ ಭವಾನಿ ರೇವಣ್ಣ ಅವರಿಗಲ್ಲ, ಸಾಮಾನ್ಯ ಕಾರ್ಯಕರ್ತನಿಗೆ ಎಂದು ಕುಮಾರಸ್ವಾಮಿ ಹಟ ಹಿಡಿದು ಗೆದ್ದರು. ಆ ಸಾಮಾನ್ಯ ಕಾರ್ಯಕರ್ತ ಸ್ವರೂಪ್, ಅಲ್ಲಿನ ಮಾಜಿ ಶಾಸಕ ಎಚ್.ಎಸ್. ಪ್ರಕಾಶ್ ಅವರ ಮಗ. ಚಳವಳಿಗೂ ಇದರಿಂದ ಬಿಡುಗಡೆ ಸಿಕ್ಕಿಲ್ಲ. 2018ರ ಫೆಬ್ರವರಿಯಲ್ಲಿ ಕೆ.ಎಸ್. ಪುಟ್ಟಣ್ಣಯ್ಯ ತೀರಿಕೊಂಡಾಗ ಪಾಂಡವಪುರದ ರೈತ ಸಂಘ ಅಮೆರಿಕದಲ್ಲಿದ್ದ ಅವರ ಮಗ ದರ್ಶನ್ ಅವರನ್ನು ನಿಲ್ಲಿಸಿತು. ಅವರು ಆ ಸಲ ಸೋತು 2023ರಲ್ಲಿ ಮೇಲುಕೋಟೆಯಿಂದ ಗೆದ್ದರು. ದರ್ಶನ್ ಅವರ ಯೋಗ್ಯತೆಯ ಪ್ರಶ್ನೆ ಇದಲ್ಲ. ದಶಕಗಳ ಕಾಲ ಕಬ್ಬಿನ ಬೆಲೆಗೆ, ನೀರಿಗೆ ಬೀದಿಗಿಳಿದ ಸಂಘಟನೆಯೊಂದರಲ್ಲಿ ಆ ಹೊತ್ತಿಗೆ ಇನ್ನೊಂದು ಹೆಸರು ಮೇಲೆ ಬರಲಿಲ್ಲ ಎಂಬುದು ಕಾಡುತ್ತದೆ. ಎರಡೂ ಸಲ ಕಾಂಗ್ರೆಸ್ ಅಲ್ಲಿ ಅಭ್ಯರ್ಥಿಯನ್ನೇ ಹಾಕಲಿಲ್ಲ. ಆ ಪಕ್ಷದ ಪಾಂಡವಪುರದ ಕಾರ್ಯಕರ್ತರಿಗೆ ಮತ ಹಾಕಲು ತಮ್ಮ ಚಿಹ್ನೆಯೂ ಇರಲಿಲ್ಲ.

ಹೆಸರುಗಳು ಮೇಲೆ ಬರುವುದಕ್ಕೆ ಮೆಟ್ಟಿಲು ಬೇಕು. ಪಕ್ಷದ ಚಿಹ್ನೆಯ ಮೇಲೆ ನಡೆಯುವ ತಾಲ್ಲೂಕು, ಜಿಲ್ಲಾ ಪಂಚಾಯಿತಿ ಚುನಾವಣೆಗಳು ಆ ಮೆಟ್ಟಿಲಾಗಿದ್ದವು. ಒಂದು ಹೋಬಳಿಯಿಂದ ಗೆದ್ದು, ಕೆಲಸ ಮಾಡಿ, ತಾಲ್ಲೂಕಿಗೆ ಗೊತ್ತಾದವನನ್ನು ಪಕ್ಷ ಸುಲಭವಾಗಿ ಬದಿಗಿಡಲು ಆಗುತ್ತಿರಲಿಲ್ಲ. ಕರ್ನಾಟಕದಲ್ಲಿ 2016ರಲ್ಲಿ ಆಯ್ಕೆಯಾದ ಆ ಪಂಚಾಯಿತಿಗಳ ಅವಧಿ 2021ಕ್ಕೆ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ವರ್ಷಗಳೇ ಕಳೆದವು. ಸರ್ಕಾರ ಬದಲಾದರೂ ಚುನಾವಣೆಯ ದಿನಾಂಕ ಬರಲಿಲ್ಲ. ಯಾವ ಶಾಸಕನೂ ಇದರ ಬಗ್ಗೆ ಕಣ್ಣೀರು ಹಾಕಿದ್ದನ್ನು ಕಾಣೆ. ಕೆಳಗಿನಿಂದ ಯಾರೂ ಹತ್ತಿ ಬರದಿದ್ದರೆ ಮೇಲೆ ಕೂತವರಿಗೆ ಅನುಕೂಲವೇ.

ಪಕ್ಷಗಳು ತಮ್ಮ ಆಯ್ಕೆಗೆ ಕಾರಣ ಕೊಡಲೇಬೇಕಾದ ಒಂದೇ ಒಂದು ಸಂದರ್ಭ ನಮ್ಮ ಕಾನೂನಿನಲ್ಲಿದೆ. 2020ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಮಾಡಿತು. ಕ್ರಿಮಿನಲ್ ಮೊಕದ್ದಮೆ ಬಾಕಿ ಇರುವವರನ್ನು ಅಭ್ಯರ್ಥಿ ಮಾಡಿದರೆ ಯಾಕೆ ಮಾಡಿದ್ದು, ಮೊಕದ್ದಮೆ ಇಲ್ಲದ ಬೇರೆಯವರನ್ನು ಯಾಕೆ ಮಾಡಲಾಗಲಿಲ್ಲ ಎಂಬುದನ್ನು ಪಕ್ಷ ಪತ್ರಿಕೆಯಲ್ಲಿ, ಜಾಲತಾಣದಲ್ಲಿ ಪ್ರಕಟಿಸಬೇಕು. ಗೆಲ್ಲುತ್ತಾರೆ ಎಂಬುದೊಂದೇ ಕಾರಣ ಆಗಕೂಡದು. ಅದಕ್ಕಾಗಿ ಚುನಾವಣಾ ಆಯೋಗ ಸಿ-7 ಎಂಬ ನಮೂನೆ ಮಾಡಿದೆ. ಪಕ್ಷಗಳು ಅದನ್ನು ತುಂಬುವ ಗದ್ಯವನ್ನು ಯಾರಾದರೂ ಕೂತು ಅಧ್ಯಯನ ಮಾಡಬೇಕು. ಜನಪ್ರಿಯರು, ಸಮಾಜಸೇವಕರು, ಮೊಕದ್ದಮೆ ರಾಜಕೀಯ ಪ್ರೇರಿತ ಎಂಬ ಧಾಟಿ ಮತ್ತೆ ಮತ್ತೆ ಕಾಣುತ್ತದೆ, ಒಂದೇ ಕೈ ಬರೆದಂತೆ. ಹಾಗಿದ್ದರೂ ಆ ನಮೂನೆಯಲ್ಲಿ ಬಿ ಫಾರಂನಲ್ಲಿ ಇಲ್ಲದ್ದು ಒಂದಿದೆ. ಬೇರೆಯವರನ್ನು ಯಾಕೆ ಆರಿಸಲಿಲ್ಲ ಎಂದು ಕೇಳುವ ಆ ಖಾನೆ, ಬೇರೆಯವರು ಇದ್ದರು ಎಂಬುದನ್ನು ಒಪ್ಪಿಕೊಳ್ಳುತ್ತದೆ.

ಈ ಖಾನೆಯನ್ನು ಮೊಕದ್ದಮೆ ಇರುವವರಿಗೆ ಮಾತ್ರ ಮೀಸಲಿಡದೆ ಪ್ರತಿ ಪಕ್ಷದ ಪ್ರತಿ ಅಭ್ಯರ್ಥಿಗೂ ವಿಸ್ತರಿಸಿದರೆ ಏನಾಗುತ್ತದೆ? ಪಕ್ಷಗಳು ಸುಳ್ಳು ಬರೆಯುತ್ತವೆ, ನಿಜ. ಆದರೆ 2018ರ ಏಪ್ರಿಲ್‌ನಲ್ಲಿ ನಾಗಮಂಗಲದ ಎರಡೂ ಪಕ್ಷಗಳು ನಿನ್ನೆಯವರೆಗೆ ಎದುರಾಳಿಯಾಗಿದ್ದವರನ್ನು ಯಾಕೆ ತಂದೆವು, ಹತ್ತು ವರ್ಷ ನಮ್ಮ ಜೊತೆ ಇದ್ದವರಲ್ಲಿ ಒಬ್ಬರನ್ನೂ ಯಾಕೆ ಆರಿಸಲಿಲ್ಲ ಎಂದು ಕನ್ನಡದಲ್ಲಿ ನಾಲ್ಕು ಸಾಲು ಬರೆದು ಪತ್ರಿಕೆಗೆ ಕೊಡಬೇಕಾಗುತ್ತಿತ್ತು. ದೇವಲಾಪುರದಲ್ಲಿ ಬೂತಿನ ಮುಂದೆ ಟೇಬಲ್ಲು ಹಾಕಿ ಕೂತವನು ಆ ನಾಲ್ಕು ಸಾಲನ್ನು ಓದುತ್ತಿದ್ದ.